ನಲವತ್ತೆಂಟು ಯಾವ ರಸ್ತೆ?

ರಾಜಾಜಿನಗರದಲ್ಲಿ ವಿಳಾಸ ಹುಡುಕಿದವರಿಗೆ ಈ ಅನುಭವ ಆಗಿರುತ್ತದೆ. ಬರೀ 'ಹತ್ತನೇ ಕ್ರಾಸ್ ಎಲ್ಲಿ?' ಎಂದು ಕೇಳಿದರೆ ಅಲ್ಲಿ ಯಾರೂ ಕೈ ಎತ್ತಿ ದಾರಿ ತೋರಿಸುವುದಿಲ್ಲ. 'ಯಾವ ಬ್ಲಾಕು? ಎಷ್ಟನೇ ಮೈನು?' ಎಂದು ತಿರುಗಿ ಕೇಳುತ್ತಾರೆ. ಹತ್ತನೇ ಕ್ರಾಸ್ ಎನ್ನುವುದು ಒಂದೇ ಇದ್ದರೆ ತಾನೆ ತೋರಿಸುವುದು! ಅಂಕಿ ಒಂದೇ ಆದರೂ ಜಾಗ ಬೇರೆ ಎಂಬ ಪಾಠವನ್ನು ಆ ಬಡಾವಣೆಯ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿತಿರುತ್ತಾರೆ. ಅಂಥ ಕಡೆ ಹುಟ್ಟಿ ಬೆಳೆದ ಹುಡುಗನೇ ಒಂದು ಅಂಕಿಯನ್ನು ನಂಬಿ ಮೋಸ ಹೋದ.

ಹುಡುಗ ಆಗ ಎಂಜಿನಿಯರಿಂಗ್ ಎರಡನೇ ವರ್ಷ. ಮನೆ ರಾಮಮಂದಿರದ ಹತ್ತಿರದ ಒಂದು ಕ್ರಾಸಿನಲ್ಲಿ. ಮನೆಯಲ್ಲಿ ಅಪ್ಪ, ಅಮ್ಮ, ತಾತ. ತಾತ ಸರ್ಕಾರಿ ಬಸ್ಸಿನ ಚಾಲಕರಾಗಿದ್ದು 1998ರಲ್ಲಿ ನಿವೃತ್ತರಾದವರು. ಸರ್ವಿಸಿನ ಬಹುಪಾಲು ಬೆಂಗಳೂರು–ಮಂಗಳೂರು ದಾರಿಯಲ್ಲೇ ಕಳೆದಿತ್ತು. ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡ್ ಎಂದು ಊರಿನ ಹೆಸರುಗಳನ್ನು ಅವರು ಹೇಳುತ್ತಿದ್ದರೆ ಸಹಸ್ರನಾಮ ಕೇಳಿದ ಹಾಗಿರುತ್ತಿತ್ತು. ಅವರ ಬಾಯಲ್ಲಿ ಆ ರಸ್ತೆಯ ಹೆಸರು 'ನಲವತ್ತೆಂಟು'. ರಾಷ್ಟ್ರೀಯ ಹೆದ್ದಾರಿ 48.

2017ರ ಮಳೆಗಾಲದ ಒಂದು ಸಂಜೆ. ತಾತನ ತಂಗಿಯನ್ನು ಚನ್ನರಾಯಪಟ್ಟಣದ ಕಡೆಯಿಂದ ಬೆಂಗಳೂರಿನ ಆಸ್ಪತ್ರೆಗೆ ಕರೆತರುತ್ತಿದ್ದ ಕಾರು ದಾರಿಯಲ್ಲಿ ಕೆಟ್ಟು ನಿಂತಿತು. ಆಕೆಗೆ ಸಕ್ಕರೆ ಕಾಯಿಲೆ. ಫೋನು ತಾತನಿಗೆ ಬಂತು. ಮನೆಯಲ್ಲಿ ಅಪ್ಪ ಇರಲಿಲ್ಲ. ಲೈಸೆನ್ಸ್ ಸಿಕ್ಕಿ ವರ್ಷವೂ ಆಗದಿದ್ದ ಮೊಮ್ಮಗನೇ ಕಾರು ತೆಗೆದ. ತಾತ ಗೇಟಿನ ತನಕ ಬಂದು ಹೇಳಿದ್ದು ಇಷ್ಟೇ: 'ನೆಲಮಂಗಲ ದಾಟಿದ ಮೇಲೆ ನಲವತ್ತೆಂಟು ಹಿಡಿ ಮರಿ. ಹತ್ತು ಹದಿನೈದು ಮೈಲಿ. ಪೆಟ್ರೋಲ್ ಬಂಕಿನ ಹತ್ತಿರ ನಿಂತಿದ್ದಾರೆ.'

ಹುಡುಗನಿಗೆ ನೆಲಮಂಗಲದಾಚೆಯ ಪ್ರಪಂಚ ಗೊತ್ತಿದ್ದುದು ಮೊಬೈಲಿನ ಪರದೆಯಲ್ಲಿ ಮಾತ್ರ. ಪರದೆಯ ಮೇಲೆ 48 ಎಂಬ ಅಂಕಿ ಸ್ಪಷ್ಟವಾಗಿತ್ತು. ಅದು ತೋರಿಸಿದ್ದು ತುಮಕೂರಿನ ದಾರಿಯನ್ನು. ಕವಲಿನಲ್ಲಿ ಅವನು ಒಂದು ಕ್ಷಣವೂ ಅನುಮಾನಿಸಲಿಲ್ಲ. ತಾತ ಹೇಳಿದ ಅಂಕಿಗೂ ನಕ್ಷೆಯ ಅಂಕಿಗೂ ತಾಳೆಯಾಗಿತ್ತಲ್ಲ! ಮಳೆಯಲ್ಲಿ ಪ್ರತಿ ಬಂಕಿನ ಮುಂದೂ ಕಾರು ನಿಧಾನ ಮಾಡುತ್ತಾ ದಾಬಸ್‌ಪೇಟೆಯವರೆಗೂ ಹೋದ. ಅಲ್ಲಿಂದ ಫೋನು ಮಾಡಿದಾಗ ತಾತ, 'ದಾಬಸ್‌ಪೇಟೆಗೆ ಯಾಕೆ ಹೋದೆಯೋ? ಅದು ನಾಲ್ಕಲ್ಲವೇನೋ!' ಎಂದು ಕೂಗಿದರು. ಹಿಂದಿರುಗಿ ನೆಲಮಂಗಲಕ್ಕೆ ಬಂದು, ಕುಣಿಗಲ್ ದಾರಿ ಹಿಡಿದು ಸೋಲೂರಿನ ಹತ್ತಿರ ತಲುಪುವ ಹೊತ್ತಿಗೆ ರಾತ್ರಿ ಹತ್ತೂವರೆ. ಊಟದ ಹೊತ್ತು ಮೀರಿ ಚಿಕ್ಕಜ್ಜಿಗೆ ಕೈಕಾಲು ನಡುಗಿ, ಬೆವರು ಕಿತ್ತುಕೊಂಡು, ಮಾತು ತೊದಲುತ್ತಿತ್ತು. ಬಂಕಿನ ಹುಡುಗರು ಸಕ್ಕರೆ ಹೆಚ್ಚು ಹಾಕಿದ ಟೀ ಕುಡಿಸಿ ಕೂರಿಸಿದ್ದರು. ಆ ಟೀ ಇರದಿದ್ದರೆ ಏನಾಗುತ್ತಿತ್ತೋ ಎಂಬ ಮಾತನ್ನು ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ. ತಾತ ಮಾತ್ರ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಹುಡುಗನಿಗೆ ಮೊದಲು ಬಂದದ್ದು ಸಿಟ್ಟು, ನಕ್ಷೆಯ ಮೇಲೆ. ಅವನು ನೋಡಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಕೂಡಿ ಬರೆಯುವ ನಕ್ಷೆಯನ್ನು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬಾತ ಇದನ್ನು ಆರಂಭಿಸಿದ. ಅಲ್ಲಿ ಸರ್ಕಾರಿ ನಕ್ಷೆಯ ಮಾಹಿತಿಗೆ ದುಡ್ಡು ಕೊಡಬೇಕಿತ್ತು. ಕೊಟ್ಟರೂ ಇಷ್ಟ ಬಂದಂತೆ ಬಳಸುವ ಹಾಗಿರಲಿಲ್ಲ. ನಮ್ಮ ಬೀದಿಯನ್ನು ನಾವೇ ಏಕೆ ಬರೆದುಕೊಳ್ಳಬಾರದು ಎಂದು ಹೊರಟ ಕೆಲಸ ಇಂದು ಜಗತ್ತನ್ನೆಲ್ಲ ಹರಡಿಕೊಂಡಿದೆ. ಯಾರು ಬೇಕಾದರೂ ಸೇರಿ ತಮ್ಮ ಊರಿನ ರಸ್ತೆ, ಕೆರೆ, ಶಾಲೆ, ಬಸ್ ನಿಲ್ದಾಣಗಳನ್ನು ಬರೆಯಬಹುದು, ತಪ್ಪಿದ್ದರೆ ತಿದ್ದಬಹುದು. ತಿದ್ದಿಬಿಡೋಣ ಎಂದು ಹುಡುಗ ಕುಳಿತ. ನೋಡಿದರೆ ನಕ್ಷೆ ಸರಿಯಾಗಿಯೇ ಇತ್ತು!

ಆದದ್ದು ಇಷ್ಟು. ಹಿಂದೆ ನಮ್ಮ ಹೆದ್ದಾರಿಗಳ ಅಂಕಿಗೆ ಹೇಳಿಕೊಳ್ಳುವಂಥ ಕ್ರಮ ಇರಲಿಲ್ಲ. 2010ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ಗೆಜೆಟ್ ಹೊರಡಿಸಿ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ಅಂಕಿ ಕೊಟ್ಟಿತು. ಉತ್ತರ–ದಕ್ಷಿಣವಾಗಿ ಹೋಗುವ ರಸ್ತೆಗಳಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಸರಿದಂತೆ ಅಂಕಿ ಏರುತ್ತದೆ. ಪೂರ್ವ–ಪಶ್ಚಿಮವಾಗಿ ಹೋಗುವ ರಸ್ತೆಗಳಿಗೆ ಬೆಸಸಂಖ್ಯೆ; ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಅಂಕಿ ಏರುತ್ತದೆ. ಮೂರು ಅಂಕಿ ಇದ್ದರೆ ಅದು ಕವಲು ರಸ್ತೆ. ಕೊನೆಯ ಎರಡು ಅಂಕಿ ನೋಡಿದರೆ ತಾಯಿ ರಸ್ತೆ ಯಾವುದೆಂದು ತಿಳಿಯುತ್ತದೆ. ಮೈಸೂರಿನಿಂದ ಕೆಂಗೇರಿಯ ಮೇಲೆ ಬೆಂಗಳೂರಿಗೆ ಬರುವ 275 ಎಂಬುದು 75ರ ಕವಲು. ಕನಕಪುರ, ಕೊಳ್ಳೇಗಾಲದ ಮೇಲೆ ಕೊಯಮತ್ತೂರಿಗೆ ಹೋಗುವ 948 ಎಂಬುದು 48ರ ಕವಲು. ಅದು ಹಿಂದೆ 209 ಆಗಿತ್ತು. ಕರಾವಳಿಯ ಹದಿನೇಳು 66 ಆಯಿತು. ಕನ್ಯಾಕುಮಾರಿಗೆ ಹೋಗುವ ಏಳು 44 ಆಯಿತು. ಭೂಪಟದ ಪುಸ್ತಕ ಕೈಯಲ್ಲಿರುವ ಮಕ್ಕಳು ಕರ್ನಾಟಕದ ಮೇಲೆ 44, 48, 66 ಎಂದು ಬೆರಳಿಟ್ಟು ಪಶ್ಚಿಮಕ್ಕೆ ಹೋಗಿ ನೋಡಲಿ, ಲೆಕ್ಕ ಸರಿಯಾಗಿ ಕೂರುತ್ತದೆ.

ಎಲ್ಲ ಅಂಕಿಗಳೂ ಹೊಸದಾಗಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ. ಹಳೆಯ ಅಂಕಿಯೇ ಬೇರೆ ರಸ್ತೆಯ ಮೇಲೆ ಹೋಗಿ ಕುಳಿತರೆ? ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ತುಮಕೂರಿನ ಮೇಲೆ ಬರುವ ಹಳೆಯ ನಾಲ್ಕಕ್ಕೆ 48 ಸಿಕ್ಕಿತು. ತಾತನ ನಲವತ್ತೆಂಟಕ್ಕೆ 75 ಸಿಕ್ಕಿತು. ನೆಲಮಂಗಲದ ಕವಲಿನಲ್ಲಿ ಹಿಂದೆಯೂ ಒಂದು ದಾರಿ ನಲವತ್ತೆಂಟು, ಇಂದೂ ಒಂದು ದಾರಿ ನಲವತ್ತೆಂಟು. ದಾರಿ ಮಾತ್ರ ಅದಲ್ಲ, ಇದು. ಹಾಗಾದರೆ ಆ ರಾತ್ರಿ ತಪ್ಪು ಹೇಳಿದವರು ಯಾರು? ನಕ್ಷೆಯೂ ಅಲ್ಲ, ತಾತನೂ ಅಲ್ಲ.

'ನೋಡು ತಾತ, ನಿನ್ನ ರಸ್ತೆ ಪಡುವಣಕ್ಕೆ ಹೋಗುತ್ತೆ. ಅದಕ್ಕೇ ಬೆಸಸಂಖ್ಯೆ ಕೊಟ್ಟಿದ್ದಾರೆ' ಎಂದು ಹುಡುಗ ವಿವರಿಸಿದಾಗ ತಾತ ಸ್ವಲ್ಪ ಹೊತ್ತು ಯೋಚಿಸಿ, 'ಅದೇನೋ ದಿಟ. ಮಧ್ಯಾಹ್ನ ದಾಟಿದರೆ ಬಿಸಿಲು ಕಣ್ಣಿಗೇ ಹೊಡೀತಿತ್ತು' ಎಂದರು. ಎರಡು ದಿನದ ಮೌನ ಮುರಿದದ್ದು ಹೀಗೆ.

ಹುಡುಗನಿಗೆ ಈಗ ಒಂದು ಕೆಲಸ ಸಿಕ್ಕಿತು. ಈ ನಕ್ಷೆಯಲ್ಲಿ ರಸ್ತೆಯ ಇಂದಿನ ಅಂಕಿಯ ಜೊತೆಗೆ ಅದರ ಹಳೆಯ ಅಂಕಿಯನ್ನೂ ಬರೆದಿಡಲು ಪ್ರತ್ಯೇಕ ಖಾನೆ ಇದೆ. ಹಳೆಯದನ್ನು ಅಳಿಸಬೇಕಾಗಿಲ್ಲ, ಹಳೆಯದು ಎಂದು ಹೇಳಿ ಇಟ್ಟುಕೊಂಡರಾಯಿತು. ಹಳೆಯ ಪತ್ರಿಕೆಯಲ್ಲಿ, ಕಾಗದಪತ್ರದಲ್ಲಿ, ತಾತಂದಿರ ಬಾಯಲ್ಲಿ 48 ಎಂದು ಬಂದರೆ ಅದು ಯಾವ ರಸ್ತೆ ಎಂದು ಮುಂದೆ ಹುಡುಕುವವರಿಗೆ ದಾರಿ ಸಿಗುತ್ತದೆ. ಬೆಂಗಳೂರಿನ ಸುತ್ತ ಅನೇಕ ಕಡೆ ಆ ಖಾನೆ ಖಾಲಿ ಇರುವುದು ಅವನ ಕಣ್ಣಿಗೆ ಬಿತ್ತು.

ಹೆದ್ದಾರಿಯನ್ನು ಈ ನಕ್ಷೆ ಹೇಗೆ ಹಿಡಿದಿಡುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ನಾವು ಒಂದು ರಸ್ತೆ ಎನ್ನುವುದು ಅಲ್ಲಿ ನೂರಾರು ತುಂಡು. ಸೇತುವೆ ಬಂದರೆ ಒಂದು ತುಂಡು, ಮೇಲುರಸ್ತೆ ಬಂದರೆ ಇನ್ನೊಂದು. ನಡುವೆ ಗೋಡೆ ಕಟ್ಟಿ ಹೋಗುವ ದಾರಿ, ಬರುವ ದಾರಿ ಬೇರೆಯಾದರೆ ಎರಡು ಸಾಲು ತುಂಡುಗಳು. ಈ ತುಂಡುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಪೋಣಿಸಿ, 'ಇವೆಲ್ಲ ಸೇರಿದರೆ ರಾಷ್ಟ್ರೀಯ ಹೆದ್ದಾರಿ 75' ಎಂದು ಬರೆಯುತ್ತಾರೆ. ಆ ಪಟ್ಟಿಗೆ ಅಲ್ಲಿಯವರು ರಿಲೇಶನ್ ಎನ್ನುತ್ತಾರೆ. ಹುಡುಗ ಇದನ್ನು ಕಂಪ್ಯೂಟರ್ ಭಾಷೆಯಲ್ಲಿ ಹೇಳಲು ಹೋಗಿ ತಡವರಿಸುತ್ತಿದ್ದಾಗ ತಾತನೇ ಬಿಡಿಸಿದರು: 'ರೂಟು ಅನ್ನು. ರಸ್ತೆ ಬೇರೆ, ರೂಟು ಬೇರೆ. ಒಂದು ರಸ್ತೆ ಮೇಲೆ ಹತ್ತು ರೂಟಿನ ಬಸ್ಸು ಓಡಲ್ವಾ? ಒಂದು ರೂಟು ಹತ್ತು ರಸ್ತೆ ಹಾಯಲ್ವಾ?'

ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿರಲಾರದು. ಬೆಂಗಳೂರಿನಿಂದ ಹೊಸೂರಿನ ಮೇಲೆ ಕೃಷ್ಣಗಿರಿಯವರೆಗಿನ ರಸ್ತೆ ಏಕಕಾಲಕ್ಕೆ 44 ಕೂಡ ಹೌದು, 48 ಕೂಡ ಹೌದು. ಅಂಕಿಯನ್ನು ರಸ್ತೆಯ ಮೇಲಷ್ಟೇ ಬರೆದರೆ ಎರಡರಲ್ಲಿ ಯಾವುದನ್ನು ಬರೆಯುವುದು? ರೂಟಿನ ಪಟ್ಟಿಯಾದರೆ ಒಂದೇ ತುಂಡು ಎರಡು ಪಟ್ಟಿಯಲ್ಲೂ ಇರಬಹುದು. ತೊಂದರೆಯೂ ಇದರಲ್ಲೇ ಇದೆ. ಯಾರೋ ಒಬ್ಬರು ಹೊಸ ಸೇತುವೆ ಬರೆಯಲು ಒಂದು ತುಂಡನ್ನು ಅಳಿಸಿ ಬೇರೆ ಎಳೆದು, ಅದನ್ನು ಪಟ್ಟಿಗೆ ಸೇರಿಸಲು ಮರೆತರೆ ಸರ ಅಲ್ಲಿಗೆ ಹರಿಯಿತು. ನಕ್ಷೆಯಲ್ಲಿ ರಸ್ತೆ ಕಾಣುತ್ತಲೇ ಇರುತ್ತದೆ; ಹೆದ್ದಾರಿ ಮಾತ್ರ ನಡುವೆ ಕಡಿದಿರುತ್ತದೆ. ಹಾಗೆ ಕಡಿದ ಕಡೆಗಳನ್ನು ಹುಡುಕಿ ಪೋಣಿಸುವುದು ಮುಗಿಯದ ಕೆಲಸ. ಮನೆ ಗುಡಿಸಿದ ಹಾಗೆ, ಇಂದು ಗುಡಿಸಿದರೆ ನಾಳೆ ಮತ್ತೆ.

ಎಂಜಿನಿಯರಿಂಗ್ ಹುಡುಗನಿಗೆ ಒಂದೊಂದೇ ತುಂಡು ಹಿಡಿದು ತುಂಬುವ ತಾಳ್ಮೆ ಎಲ್ಲಿಂದ ಬರಬೇಕು? ಅವನು ಎರಡೇ ಸಾಲಿನ ಸೂತ್ರ ಮಾಡಿದ. ಈಗ 48 ಎಂದಿರುವ ಕಡೆಯೆಲ್ಲ ಹಳೆಯ ಅಂಕಿ 4. ಈಗ 75 ಎಂದಿರುವ ಕಡೆಯೆಲ್ಲ ಹಳೆಯ ಅಂಕಿ 48. ಕಂಪ್ಯೂಟರು ಕ್ಷಣದಲ್ಲಿ ಎಲ್ಲವನ್ನೂ ತುಂಬಿತು. ರಾತ್ರಿ ಹನ್ನೊಂದರ ಹೊತ್ತು. ಇನ್ನೊಂದು ಗುಂಡಿ ಒತ್ತಿದರೆ ಅದು ಲೋಕಕ್ಕೆಲ್ಲ ಹೋಗುತ್ತಿತ್ತು. ಆ ನಕ್ಷೆಯನ್ನು ಇಳಿಸಿಕೊಂಡು ದಾರಿ ತೋರಿಸುವ ಬೇರೆ ಬೇರೆ ತಂತ್ರಾಂಶಗಳಿಗೂ ಮುಂದೆ ಹೋಗುತ್ತಿತ್ತು. ನೀರು ಕುಡಿಯಲು ಎದ್ದ ತಾತ ಹಿಂದೆ ಬಂದು ನಿಂತದ್ದು ಒಳ್ಳೆಯದಾಯಿತು.

'ಕೋಲಾರದ ರಸ್ತೆಗೆ ಏನು ಬರೆದಿದ್ದೀಯಾ?'

'ಹಳೇ ನಲವತ್ತೆಂಟು ಅಂತ. ಈಗ ಎಪ್ಪತ್ತೈದಲ್ವಾ ತಾತ?'

'ಕೋಲಾರದ ರಸ್ತೆ ಯಾವತ್ತೋ ನಲವತ್ತೆಂಟಾಗಿತ್ತು? ಅದೂ ನಾಲ್ಕೇ. ಪುಣೆಯಿಂದ ಬಂದ ನಾಲ್ಕು ಬೆಂಗಳೂರು ಹಾದು ಕೋಲಾರದ ಮೇಲೆ ಮದರಾಸಿಗೆ ಹೋಗ್ತಿತ್ತು. ಹೊಸೂರು ರಸ್ತೆಗೆ ನಾಲ್ಕು ಅಂತ ಹಾಕಿದ್ದೀಯಲ್ಲ, ಅದು ಏಳು.'

ಹುಡುಗನ ಮುಖ ಸಣ್ಣದಾಯಿತು. ಹೊಸ 75 ಎಂಬುದು ಹಾಸನದ ಕಡೆಯಿಂದ ಬಂದು ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲಿನ ಮೇಲೆ ವೆಲ್ಲೂರಿಗೆ ಹೋಗುತ್ತದೆ. ಅದರ ಪಶ್ಚಿಮದ ಭಾಗ ಹಳೆಯ 48. ಬೆಂಗಳೂರಿನಿಂದ ಮುಳಬಾಗಿಲಿನವರೆಗೆ ಹಳೆಯ 4. ಹೊಸ 48 ತುಮಕೂರಿನ ಕಡೆಗೆ ಹಳೆಯ 4. ಹೊಸೂರಿನ ಕಡೆಗೆ ಹಳೆಯ 7. ಹೆಸರು ಬದಲಾಯಿಸಿದ ಹಾಗೆ ಅಂಕಿ ಬದಲಾಗಿರಲಿಲ್ಲ. ಬಟ್ಟೆಯನ್ನೇ ಬಿಚ್ಚಿ ಬೇರೆ ಬೇರೆ ಕಡೆ ಸೇರಿಸಿ ಹೊಲಿದಿದ್ದರು. ಮೂರನೆಯ ತಪ್ಪೂ ಒಂದಿತ್ತು. ಗೆಜೆಟ್ಟಿನ ಪ್ರಕಾರ 75 ಮಂಗಳೂರಿನವರೆಗೆ ಹೋಗುವುದೇ ಇಲ್ಲ. ಅದರ ಕೊನೆ ಬಂಟ್ವಾಳ. ಅಲ್ಲಿಂದ ಮಂಗಳೂರಿಗೆ ಹೋಗುವ ರಸ್ತೆ ಈಗ 73. ಆ ತುಂಡೂ ಹಿಂದೆ ತಾತನ ನಲವತ್ತೆಂಟೇ ಆಗಿತ್ತು. ಸೂತ್ರ ಅದನ್ನು ಮುಟ್ಟಿಯೇ ಇರಲಿಲ್ಲ. ಎರಡು ಸಾಲಿನ ಸೂತ್ರಕ್ಕೆ ಮೂರು ತಪ್ಪು. ಕೂಡಿ ಬರೆಯುವ ಈ ನಕ್ಷೆಯಲ್ಲಿ ಯಂತ್ರದಿಂದ ಒಟ್ಟಾಗಿ ತಿದ್ದುವುದಕ್ಕೆ ಏಕೆ ಅಷ್ಟು ಕಟ್ಟುಪಾಡು ಇಟ್ಟಿದ್ದಾರೆ ಎಂದು ಅವನಿಗೆ ಅಂದು ಗೊತ್ತಾಯಿತು. ಎಲ್ಲವನ್ನೂ ಅಳಿಸಿ ಮಲಗಿದ.

ಮುಂದಿನ ಭಾನುವಾರ ತಾತ, ಮೊಮ್ಮಗ ಇಬ್ಬರೂ ಹಾಸನದ ಬಸ್ಸು ಹತ್ತಿದರು. ನಕ್ಷೆ ಬರೆಯುವವರ ಮೊದಲ ನಿಯಮ, ಬೇರೆಯವರ ನಕ್ಷೆ ನೋಡಿ ನಕಲು ಮಾಡಬಾರದು ಎಂಬುದು. ಪರೀಕ್ಷೆಯ ನಿಯಮವೇ ಎನ್ನಿ. ಎರಡನೆಯದು, ನೆಲದ ಮೇಲೆ ಕಂಡದ್ದನ್ನು ಬರೆಯಬೇಕು. ತಾತ ಕಿಟಕಿಯ ಪಕ್ಕ ಕುಳಿತು ಕಲ್ಲುಗಳನ್ನು ಓದುತ್ತಾ ಹೋದರು. ಕಿಲೋಮೀಟರು ಕಲ್ಲಿನ ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿಯ ರಸ್ತೆ. ಬಸ್ಸಿನಲ್ಲಿ ಹೋಗುವಾಗ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಸರ್ಕಾರದ ಹೊಸ ಫಲಕಗಳಲ್ಲಿ 75 ಇತ್ತು. ಆದರೆ ಪಂಕ್ಚರ್ ಅಂಗಡಿ, ಖಾನಾವಳಿ, ಮರದ ಮಿಲ್ಲುಗಳ ಬೋರ್ಡಿನ ಮೇಲೆ, ವಿಳಾಸದ ಕೊನೆಯಲ್ಲಿ ಅಲ್ಲಲ್ಲಿ 'ಎನ್.ಎಚ್. 48' ಹಾಗೇ ಉಳಿದಿತ್ತು. ಅಂಗಡಿಯವರು ಗೆಜೆಟ್ ಓದುತ್ತಾರೆಯೇ? ಬೋರ್ಡಿಗೆ ಬಣ್ಣ ಬಳಿಸುವುದು ಅಂಗಡಿ ಕೈ ಬದಲಾದಾಗ ಮಾತ್ರ. ಹುಡುಗ ಕಂಡಕಂಡದ್ದರ ಪಟ ತೆಗೆದುಕೊಂಡ.

ತಾತನೂ ಒಂದು ಕಡೆ ಸೋತರು. ಕುಣಿಗಲ್ ಊರಿನ ಒಳಗಿನ ರಸ್ತೆಯೇ ಹೆದ್ದಾರಿ ಎಂದು ಅವರು ವಾದಿಸಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿದವರ ಮಾತನ್ನು ಹುಡುಗ ನಂಬಿಯೂ ಇದ್ದ. ಆದರೆ ರಸ್ತೆ ಅಗಲ ಮಾಡಿದಾಗ ಊರ ಹೊರಗೆ ಬೈಪಾಸ್ ಬಂದಿತ್ತು. ಚನ್ನರಾಯಪಟ್ಟಣಕ್ಕೂ ಅಷ್ಟೆ, ಹಾಸನಕ್ಕೂ ಅಷ್ಟೆ. ಹೆದ್ದಾರಿಯ ಅಂಕಿ ಊರು ಬಿಟ್ಟು ಬೈಪಾಸಿಗೆ ಹೋಗಿ, ಒಳಗಿನ ರಸ್ತೆ ಬರೀ ಪೇಟೆ ಬೀದಿಯಾಗಿತ್ತು. ಬಸ್ಸು ಪ್ರಯಾಣಿಕರಿಗಾಗಿ ಊರೊಳಗೆ ಹೋಗುತ್ತದೆ, ಹೆದ್ದಾರಿ ಹೋಗುವುದಿಲ್ಲ. 'ರಸ್ತೆ ಬೇರೆ, ರೂಟು ಬೇರೆ ಅಂದೋನು ನೀನೇ ತಾತ' ಎಂದು ಹುಡುಗ ನಕ್ಕ. ತಾತ ಕಿಟಕಿಯಾಚೆ ನೋಡುತ್ತಾ, 'ಸೋಲೂರಿನ ಬಂಕು ದಾಟಿದಾಗ ಎಬ್ಬಿಸ್ತೀನಿ ಅಂದಿದ್ದೆ, ಎಬ್ಬಿಸಲೇ ಇಲ್ಲ' ಎಂದು ಮಾತು ತಿರುಗಿಸಿದರು.

ಹಾಸನದಿಂದ ಮರಳಿ ಬಂದ ಮೇಲೆ ದಿನಕ್ಕೆ ಅರ್ಧ ಗಂಟೆ ಎಂದು ಗೊತ್ತು ಮಾಡಿಕೊಂಡರು. ಹುಡುಗ ತುಂಡು ತೋರಿಸುವುದು, ತಾತ ಹೇಳುವುದು, ಪಟಕ್ಕೂ ಗೆಜೆಟ್ಟಿಗೂ ತಾಳೆ ನೋಡಿ ಬರೆಯುವುದು. ತಾಳೆಯಾಗದ್ದನ್ನು ಬಿಡುವುದು. ಬಿಡುವುದು ಕಷ್ಟದ ಕೆಲಸ. ಖಾಲಿ ಖಾನೆ ಕಂಡರೆ ಏನಾದರೂ ತುಂಬಬೇಕು ಎನಿಸುವುದು ಪರೀಕ್ಷೆ ಬರೆದವರಿಗೆಲ್ಲ ಗೊತ್ತು. ಊರುಗಳ ಹೆಸರಿನ ಕೆಲಸ ಮಾತ್ರ ಸಲೀಸಾಗಿತ್ತು. 2014ರ ನವೆಂಬರ್ 1ರಿಂದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಗಿ ಟುಮ್ಕೂರ್ ಹೋಗಿ ತುಮಕೂರು ಬಂದಿತ್ತು. ತಾತನಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. 'ನಮ್ಮ ಬಸ್ಸಿನ ಬೋರ್ಡಿನಲ್ಲಿ ಮೊದಲಿನಿಂದಲೂ ತುಮಕೂರು ಅಂತಲೇ ಇತ್ತಲ್ಲ!'

ರಸ್ತೆ ಒಂದೇ ಸಮನೆ ಇರುವುದಿಲ್ಲ. 2018ರಲ್ಲಿ ಕಾಂಕ್ರೀಟು ಹಾಕಲೆಂದು ಶಿರಾಡಿ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ತೆರೆದರು ಎನ್ನುವಷ್ಟರಲ್ಲಿ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. ರಾಜಾಜಿನಗರದವರಿಗೆ ಮನೆಯ ಹಿಂದಿನ ರಸ್ತೆ ಎನಿಸುವ ಪೀಣ್ಯದ ಮೇಲುರಸ್ತೆಯನ್ನೇ 2021ರ ಡಿಸೆಂಬರಿನಲ್ಲಿ ಮುಚ್ಚಿ, 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳಿಗೆ ಮಾತ್ರ ಬಿಟ್ಟರು. ಲಾರಿ, ಬಸ್ಸುಗಳೆಲ್ಲ ಕೆಳಗಿನ ರಸ್ತೆಗೆ ಇಳಿದವು. ಮೇಲಿನ ತುಂಡು 48ರ ಪಟ್ಟಿಯಲ್ಲಿ ಇರಬೇಕೋ ಬೇಡವೋ? ಹುಡುಗನಿಗೆ ಆ ಹೊತ್ತಿಗೆ ಕೆಲಸ ಸಿಕ್ಕಿ, ರಾತ್ರಿ ಪಾಳಿಯಿಂದ ಬಂದು ಊಟದ ತಟ್ಟೆಯ ಮುಂದೆ ಇದನ್ನೇ ಕೇಳಿದ. ತಾತನಿಗೆ ಎಂಬತ್ತು ದಾಟಿತ್ತು, ಕಿವಿ ಮಂದವಾಗಿತ್ತು. 'ರೂಟು ತೆಗೀಬೇಡ. ಭಾರದ ಗಾಡಿ ಹತ್ತಬಾರದು ಅಂತ ಬರಿ. ರಿಪೇರಿ ಆದ ಮೇಲೆ ನೆನಪಿಟ್ಟು ತೆಗಿ' ಎಂದರು. ಆ ಬಗೆಯ ನಿರ್ಬಂಧ ಬರೆಯಲು ನಕ್ಷೆಯಲ್ಲಿ ಖಾನೆ ಇತ್ತು. ನೆನಪಿಟ್ಟು ತೆಗೆಯುವುದಕ್ಕೆ ಮಾತ್ರ ಯಾವ ಖಾನೆಯೂ ಇರಲಿಲ್ಲ. ಹುಡುಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, 'ಪೀಣ್ಯ ನೋಡು' ಎಂದು ಬರೆದ. ತಿಂಗಳು ಹರಿದಾಗ ಅಮ್ಮ ಅದನ್ನು ಮುಂದಿನ ತಿಂಗಳಿನ ಹಾಳೆಗೆ ಬರೆದರು. ಅದರ ಮುಂದಿನದಕ್ಕೂ ಬರೆದರು.

ಚಿಕ್ಕಜ್ಜಿ ಈಗಲೂ ಬೆಂಗಳೂರಿಗೆ ತಪಾಸಣೆಗೆ ಬರುತ್ತಾರೆ. ಹೊರಡುವ ಮೊದಲು ಫೋನು ಮಾಡುತ್ತಾರೆ. ಅವರು ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ. ಗೆಜೆಟ್ಟಿನ ಹೆಸರೂ ಕೇಳಿಲ್ಲ. 'ಹಳೇ ನಲವತ್ತೆಂಟು, ಹೊಸ ಎಪ್ಪತ್ತೈದರಲ್ಲಿ ಬರ್ತಿದ್ದೀವಿ ಕಣೋ. ಹಾಸನದ ರಸ್ತೆ. ತುಮಕೂರಲ್ಲ' ಎನ್ನುತ್ತಾರೆ. ಬ್ಯಾಗಿನಲ್ಲಿ ಸಕ್ಕರೆಯ ಪೊಟ್ಟಣ ಇದೆಯೇ ಎಂದು ಹುಡುಗ ಕೇಳುತ್ತಾನೆ. ಇದೆ ಎನ್ನುತ್ತಾರೆ.